ಲೋಳೆ ಸಾಕಿದವಳು

ಈ ಮಾತನ್ನು ಹೇಳದೆ ತಳ್ಳುತ್ತಲೇ ಬಂದೆ. ಕಂಡವರೆಲ್ಲ ಕಣ್ಮರೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಆ ಹೇಡಿತನಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟು.

ಆಕೆ ಕಲ್ಲಿಗೆ ಹತ್ತಿದ ಲೋಳೆಯನ್ನು ಬೆರಳಿನಿಂದ ತೆಗೆದು ಮೂಸುತ್ತಿದ್ದಳು, ಬೇರೆ ಹೆಂಗಸರು ಸಾರಿನ ಹದ ನೋಡುವಂತೆ. ಗೊರೇಬಾಳ ರಸ್ತೆಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಸೂಪರ್‌ವೈಸರ್. ಭತ್ತ ನೆನೆಸಿ ಬೇಯಿಸಿದ ನೀರು ಹುಳಿತು ನಾರುತ್ತದೆ. ಅದನ್ನು ಗಿರಣಿಯ ಹಿಂದಿನ ದುಂಡು ತೊಟ್ಟಿಗೆ ಬಿಡುತ್ತಿದ್ದೆವು. ತೊಟ್ಟಿಯ ತುಂಬ ಕಲ್ಲು. ಮೇಲೆ ತೂತಿನ ಕೊಳವೆಗಳು ಮೆಲ್ಲಗೆ ತಿರುಗುತ್ತ ನೀರು ಚಿಮುಕಿಸುತ್ತಿದ್ದವು. ಕಲ್ಲಿನ ಲೋಳೆಯೊಳಗಿನ ಕಣ್ಣಿಗೆ ಕಾಣದ ಜೀವಿಗಳು ಹೊಲಸು ತಿನ್ನುತ್ತಿದ್ದವು, ವಾಸನೆ ಕಳೆದ ನೀರು ಹಳ್ಳ ಸೇರುತ್ತಿತ್ತು. ತೊಟ್ಟಿ ನೋಡಿಕೊಳ್ಳುವುದು ಆಕೆಯ ಕೆಲಸ. ಜಾಲಿಮುಳ್ಳಿನಿಂದ ಕೊಳವೆಯ ತೂತು ಬಿಡಿಸುವಳು, ಬಿದ್ದ ಎಲೆ ಆರಿಸುವಳು. ಪಂಪು ನಿಂತರೆ ನನ್ನ ಕೋಣೆಗೇ ಬಂದು ಜಗಳ ತೆಗೆಯುವಳು: “ನೀವು ಉಂಡೀರಿ. ಅವು ಉಪಾಸ ಬಿದ್ದಾವ.”

ಒಂದು ಆಯುಧ ಪೂಜೆಯ ಮುನ್ನಾದಿನ. ಗಿರಣಿಯ ಯಂತ್ರಗಳೆಲ್ಲ ಮಿಂದು ಕುಂಕುಮ ಹಚ್ಚಿಸಿಕೊಂಡಿದ್ದವು. ಮಾಲೀಕರು ಬರುವವರಿದ್ದರು. ತೊಟ್ಟಿಯ ಲೋಳೆ ಕಂಡು ನನಗೆ ನಾಚಿಕೆಯಾಯಿತು. ಬ್ಲೀಚಿಂಗ್ ಪುಡಿ ತರಿಸಿ, ಕಲ್ಲು ತೊಳೆಯಲು ಹಮಾಲರಿಗೆ ಹೇಳಿದೆ. ಆಕೆ ಅಡ್ಡ ನಿಂತಳು.

“ಸಾಹೇಬ್ರ, ಅದು ಹೊಲಸಲ್ರೀ. ಹೊಲಸು ತಿನ್ನೋದು ಅದು.”

“ಹತ್ತನೇ ಪಾಸಾದಾಂವ ನಾನೋ, ನೀನೋ?”

“ಕಾಯಿ ಒಡೀರಿ, ಬ್ಯಾಡನ್ನಂಗಿಲ್ಲ. ಇವನ್ನ ಯಾಕ ಕೊಲ್ತೀರಿ?”

ಹಮಾಲರು ನಕ್ಕರು. ಕಲ್ಲುಗಳು ಬೆಳ್ಳಗಾದವು. ಮರುದಿನ ಮಾಲೀಕರು ಕಾಯಿ ಒಡೆದು, ನನ್ನ ಬೆನ್ನು ತಟ್ಟಿ ಹೋದರು.

ವಾರದೊಳಗೆ ಹಳ್ಳ ಕಪ್ಪಾಯಿತು. ಎಮ್ಮೆಗಳು ನೀರಿಗೆ ಮೂತಿ ಇಡಲಿಲ್ಲ. ಹಳ್ಳದ ಕೆಳಗಿನ ರೈತರು ಗಿರಣಿಯ ಗೇಟಿಗೆ ಬಂದು ಕೂತರು. ಯಾರ ತಪ್ಪು ಎಂದು ಮಾಲೀಕರು ಕೇಳಿದಾಗ, ಅಷ್ಟು ಜನರೆದುರು ನಾನು ಆಕೆಯತ್ತ ಕೈ ತೋರಿಸಿದೆ. ನೋಡಿಕೊಳ್ಳದೆ ಬಿಟ್ಟಳು ಎಂದೆ. ನನ್ನ ಕೈಕೆಳಗಿನ ಹಮಾಲರು ನೆಲ ನೋಡಿದರು. ರೈತನೊಬ್ಬ ಆಕೆಯ ಕಾಲ ಬಳಿ ಉಗುಳಿದ. ಆಕೆ ಅಳಲಿಲ್ಲ.

“ಪುಡಿ ತರಿಸಿದಾಂವ ಇಲ್ಲೇ ನಿಂತಾನ. ಬಾಯಿ ಬಿಡವಲ್ಲ,” ಎಂದಳು.

ಮಾಲೀಕರು ನನ್ನ ಮಾತನ್ನೇ ನಂಬಿದರು. ಅಂದೇ ಆಕೆಯ ಕೆಲಸ ಹೋಯಿತು. ಮತ್ತೆ ಲೋಳೆ ಹತ್ತಲು ವಾರಗಳೇ ಹಿಡಿದವು. ಆಕೆಯ ಜಾಗಕ್ಕೆ ಬಂದವನಿಗೆ ಆಕೆ ಹೇಳಿದ್ದನ್ನೇ ನನ್ನ ಸ್ವಂತ ವಿದ್ಯೆ ಎಂಬಂತೆ ಕಲಿಸಿದೆ. ಅಷ್ಟು ಭಂಡ ನಾನು.

ಹೋದ ತಿಂಗಳು ಮಸ್ಕಿಯಲ್ಲಿ ಲಿಂಗಸುಗೂರಿನ ಬಸ್ ಹತ್ತಿದೆ. ಖಾಲಿಯಿದ್ದ ಒಂದೇ ಸೀಟು ಹಿಡಿದು ಕೂತ ಮೇಲೆ ಪಕ್ಕದವಳ ಮುಖ ನೋಡಿದೆ. ಆಕೆಯೇ. ಗಂಟು ಎತ್ತಿಕೊಂಡು ಎದ್ದಳು.

“ಯಾಕಬೇ ಎದ್ದಿ? ಸಂತೆಕಲ್ಲೂರು ಇನ್ನೂ ದೂರ ಐತಿ,” ಎಂದ ಕಂಡಕ್ಟರ್.

“ಇಲ್ಲಿ ವಾಸನಿ ಬರಾಕತ್ತೈತಿ.”

ಸಂತೆಕಲ್ಲೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದಳು, ನನಗೆ ಬೆನ್ನು ಮಾಡಿ. ತಪ್ಪಾಯಿತು ಎನ್ನಲು ಎರಡು ಸಲ ಬಾಯಿ ತೆರೆದೆ. ಬಸ್ಸಿನ ಜನ ಕೇಳಿಯಾರೆಂದು ಮುಚ್ಚಿದೆ. ಸುಳ್ಳು ಹೇಳುವಾಗ ಜನರ ಹೆದರಿಕೆ ಇರಲಿಲ್ಲ ನನಗೆ. ಆಕೆ ಇಳಿದು, ತಿರುಗಿ ನೋಡದೆ ನಡೆದಳು.

ಆಕೆಯ ಹೆಸರು ಹುಲಿಗೆಮ್ಮ.