ದೊಡ್ಡತ್ತೆಯ ಹೆಸರಿಗೆ ಕಾವಲು

ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದ ನಮ್ಮ ಮನೆಯ ಹೊರಕೋಣೆಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದೆ. ಲಗ್ನದ ಕಾಲ ಬಂತೆಂದರೆ ಚಿನಕುರಳಿ ಕಡೆಯಿಂದಲೂ ಜನ ಮದುವೆ ಕಾರ್ಡು ಮಾಡಿಸಲು ಬರುತ್ತಿದ್ದರು. ಒಂದು ಕಂಪ್ಯೂಟರ್ ಸಾಲದೆ, ಅಡುಗೆಮನೆಯಾಚೆಯ ಕೋಣೆಯಲ್ಲಿ ಇನ್ನೊಂದನ್ನಿಟ್ಟು ನಾದಿನಿಯನ್ನು ಕೂರಿಸಿದ್ದೆ. ಅವಳು ಟೈಪ್ ಮಾಡಿದ್ದನ್ನು ಫ್ಲಾಪಿಗೆ ತುಂಬಿ, ಅಡುಗೆಮನೆ ದಾಟಿ ನನ್ನ ಬಳಿ ತರಬೇಕು. ಒಂದು ಫ್ಲಾಪಿಗೆ ರಾಗಿಹಿಟ್ಟು, ಇನ್ನೊಂದಕ್ಕೆ ಹುಣಸೆರಸ. ಥೂ, ಸಾಕಪ್ಪಾ ಸಾಕು ಎಂದು ಮೈಸೂರಿನಿಂದ ಮೆಕ್ಯಾನಿಕ್ಕನ್ನು ಕರೆಸಿ ಎರಡಕ್ಕೂ ಸೇರಿಸಿ ವೈರು ಎಳೆಸಿದೆ. ಇನ್ನು ಮೇಲೆ ನನ್ನ ಕಂಪ್ಯೂಟರಿನ ಫೈಲನ್ನು ಅವಳು ಅಲ್ಲಿಂದಲೇ ತೆರೆಯಬಹುದಿತ್ತು, ತಿದ್ದಬಹುದಿತ್ತು.

ವೈರು ಹಿತ್ತಲ ಮೇಲೆ ಹಾದುಹೋಗಿತ್ತು. ಮೆಕ್ಯಾನಿಕ್ಕು ಬಸ್ಸು ಹತ್ತುವ ಮೊದಲೇ ದೊಡ್ಡತ್ತೆ ಅದರ ಮೇಲೆ ಒದ್ದೆ ಸೀರೆ ಹರವಿದ್ದರು. ದೊಡ್ಡತ್ತೆ ಎಂದರೆ ನನ್ನ ಮಾವನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ನನ್ನ ನಾದಿನಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವರು. ಕನ್ನಡವನ್ನು ಚೆನ್ನಾಗಿ ಓದುತ್ತಿದ್ದರು. ನಾದಿನಿ ಎದ್ದು ಹೋದಾಗ, ಕೊತ್ತಂಬರಿ ಸೋಸುತ್ತಲೇ ಒಳಗಿನ ಕಂಪ್ಯೂಟರಿನ ಪರದೆ ನೋಡಿ, "ಇಲ್ಲಿ ಒಂದೇ ಮಾತು ಎಲ್ಡು ಸಲ ಬಂದದೆ ಕಣೇ" ಎಂದು ಕೂಗುತ್ತಿದ್ದರು. ಗಳಿಗೆಗೊಂದು ಸಲ ಕೈಗೆಲಸ ಬಿಟ್ಟು ಬರಬೇಕಾಗಿ ಬೇಸತ್ತ ಅವಳು, "ತಪ್ಪು ಕಂಡ್ರೆ ನೀನೇ ಅಳಿಸ್ಬುಡು ಅತ್ತೆ" ಎಂದು ಅಳಿಸುವ ಗುಂಡಿಯನ್ನೂ, ಆಮೇಲೆ ತಿದ್ದಿದ್ದನ್ನು ಉಳಿಸಲು ಒತ್ತಬೇಕಾದ ಫ್ಲಾಪಿಯ ಚಿತ್ರವನ್ನೂ ತೋರಿಸಿಕೊಟ್ಟಳು.

ಅಷ್ಟರಲ್ಲಿ ನಾದಿನಿಗೇ ನಾಗಮಂಗಲದ ಕಡೆ ಸಂಬಂಧ ಕೂಡಿಬಂತು. ಅವಳ ಕಾರ್ಡನ್ನು ಅವಳೇ ಕೂತು ಟೈಪ್ ಮಾಡಿದಳು. 'ತಮ್ಮ ಸುಖಾಗಮನ ಬಯಸುವವರು' ಎಂಬುದರ ಕೆಳಗೆ, ತಂದೆಯ ಹೆಸರಿಗಿಂತ ಮೇಲೆ, ದೊಡ್ಡತ್ತೆಯ ಹೆಸರು ಹಾಕಿದಳು. ಗಂಡನಿಲ್ಲದವರ ಹೆಸರನ್ನು ಲಗ್ನಪತ್ರಿಕೆಯಲ್ಲಿ ಹಾಕುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ನಾನದನ್ನು ಮೆಲ್ಲಗೆ ಹೇಳಿದ್ದಕ್ಕೆ, "ಅತ್ತೆ ಎಸ್ರು ಇಲ್ದಿದ್ರೆ ನಂಗೆ ಕಾರ್ಡೂ ಬ್ಯಾಡ, ಮದ್ವೆನೂ ಬ್ಯಾಡ ಅತ್ಗೆ" ಎಂದುಬಿಟ್ಟಳು. ಅವಳದು ಹಿಡಿದರೆ ಉಡದ ಹಿಡಿತ.

ಮರುದಿನ ಬೆಳಿಗ್ಗೆ ಕಾರ್ಡು ಮೈಸೂರಿನ ಪ್ರೆಸ್ಸಿಗೆ ಹೋಗಬೇಕಿತ್ತು. ಅಂದು ಮಧ್ಯಾಹ್ನ ನನ್ನ ಕಂಪ್ಯೂಟರಿನಲ್ಲಿದ್ದ ಅದರ ಫೈಲು ತೆರೆದರೆ ದೊಡ್ಡತ್ತೆಯ ಹೆಸರೇ ಇಲ್ಲ! ನಾದಿನಿ ಮತ್ತೆ ಹಾಕಿದಳು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಮಾಯ. "ನಾನಂತೂ ಅದನ್ನ ಮುಟ್ಟಿಲ್ಲ ಕಣ್ರವ್ವ" ಎಂದರು ಮಾವ, ಯಾರೂ ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಇವರದೇ ಕೆಲಸ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಮಾಡುವುದು? ಫೋಲ್ಡರಿಗೆ ಪಾಸ್‌ವರ್ಡ್ ಹಾಕು ಎಂದು ನಾದಿನಿಗೆ ಹೇಳಿದೆ.

ಅದನ್ನು ಕೇಳಿ ಮಾವನಿಗೆ ರೇಗಿತು. "ಮನೆಯೋರ್ಗೇ ಬೀಗ ಆಕ್ತೀರೇನ್ರವ್ವ? ಈ ಮನೇಲಿ ಅಗಲೊತ್ತು ಬಾಗ್ಲಿಗೆ ಅಗುಳಿ ಆಕಿದ್ದೇ ಇಲ್ಲ!" ಅವರು ಟವೆಲ್ಲು ಕೊಡವಿ ಹೊರಗೆ ಹೋದರು. ನಾದಿನಿ ಬಹಳ ಯೋಚನೆ ಮಾಡಿ ಒಂದು ಪಾಸ್‌ವರ್ಡ್ ಇಟ್ಟು ನನ್ನ ಕಿವಿಯಲ್ಲಿ ಹೇಳಿದಳು. ಮನೆದೇವರ ಹೆಸರು! ಅಯ್ಯೋ ನನ್ನ ಕರ್ಮವೇ, ನಮ್ಮ ಬಾಗಿಲ ಮೇಲೆ, ಟ್ರಾಕ್ಟರಿನ ಮುಂದೆ, ಮಾವನ ಸ್ಕೂಟರಿನ ಹಿಂದೆ, ಎಲ್ಲ ಕಡೆಯೂ ಅದೇ ಹೆಸರು. "ಬೇರೆ ಎಸ್ರು ಇಟ್ರೆ ದೇವ್ರು ಮುನಿಸ್ಕೊಳಕಿಲ್ವಾ?" ಎಂದು ಮನೆಗೆಲ್ಲ ಕೇಳುವಂತೆ ಅಂದಳು. ಓದಿದ ಹುಡುಗಿಯ ಬಾಯಲ್ಲಿ ಈ ಮಾತು ಕೇಳಿ ನಾನು ಹಣೆ ಚಚ್ಚಿಕೊಂಡೆ.

ಸಂಜೆಗೆ ಹೆಸರು ಮತ್ತೆ ಹೋಯಿತು. ನಾದಿನಿ ಅಳುತ್ತಾ ಜಗಲಿಗೆ ಹೋಗಿ ತಂದೆಯ ಮೇಲೆ ಹರಿಹಾಯ್ದಳು. "ನಿನ್ನಾಣೆಗೂ ಇಲ್ಲ ಕಣವ್ವ, ನಂಗೆ ಅದ ಆನ್ ಮಾಡಕ್ಕೇ ಬರಕಿಲ್ಲ" ಎಂದು ಅವರು ಗೋಗರೆದರು. ಅವಳು ಒಳಗೆ ಬಂದು ಮತ್ತೊಮ್ಮೆ ಹೆಸರು ಹಾಕಿದಳು. ಈ ಸಲ ನಾವಿಬ್ಬರೂ ಹೊರಟಂತೆ ಮಾಡಿ ಅಡುಗೆಮನೆಯಲ್ಲಿ ಅಡಗಿ ನಿಂತೆವು.

ದೊಡ್ಡತ್ತೆ ಬಂದರು. ಕೊತ್ತಂಬರಿ ಮೊರವನ್ನು ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತರು. ಕಿಟಕಿಯಾಚೆ ನಿಂತಿದ್ದ ಸ್ಕೂಟರಿನ ಕಡೆ ಕತ್ತು ಚಾಚಿ ಒಂದು ಇಂಗ್ಲಿಷ್ ಅಕ್ಷರ ನೋಡುವುದು, ಗುಂಡಿ ಹುಡುಕಿ ಒತ್ತುವುದು, ಮತ್ತೆ ಕತ್ತು ಚಾಚುವುದು. ಬೀಗ ತೆರೆಯಿತು. ನನಗೆ ನಗು ತಡೆಯಲಾಗಲಿಲ್ಲ.

"ಅತ್ತೆ!" ಎಂದು ನಾದಿನಿ ಕಿರುಚಿದಳು.

ದೊಡ್ಡತ್ತೆ ಬೆಚ್ಚಲೂ ಇಲ್ಲ. "ತಪ್ಪು ಕಂಡ್ರೆ ಅಳಿಸು ಅಂತ ನೀನೇ ಯೋಳಿದ್ದಲ್ಲವ್ವ. ಅಳಿಸ್ತಾವ್ನಿ. ಒಳ್ಳೇ ಕಾರ್ಯದಲ್ಲಿ ನನ್ನೆಸ್ರು ಯಾಕೆ?"

ನನ್ನ ನಗು ಅಲ್ಲೇ ನಿಂತಿತು. ನಾದಿನಿ ಹೊರಕೋಣೆಗೆ ಓಡಿ ನನ್ನ ಕಂಪ್ಯೂಟರಿನ ಮುಂದೆ ಕೂತಳು. ಫೋಲ್ಡರಿನ ಪಾಸ್‌ವರ್ಡ್ ಕಿತ್ತುಹಾಕಿ, ಒಳಗಿನ ಕಂಪ್ಯೂಟರಿನಿಂದ ಓದಬಹುದು, ತಿದ್ದಲಾಗದು ಎಂದು ಬದಲಿಸಿದಳು. "ಈಗ ಅಳಿಸು ಅತ್ತೆ, ನೋಡಾನ" ಎಂದು ಅಲ್ಲಿಂದಲೇ ಕೂಗಿದಳು.

ದೊಡ್ಡತ್ತೆ ಅಳಿಸಿದರು, ಫ್ಲಾಪಿಯ ಚಿತ್ರ ಒತ್ತಿದರು. ಆಗುವುದಿಲ್ಲ ಎಂದಿತು ಕಂಪ್ಯೂಟರ್. ಮುಚ್ಚಿ ಮತ್ತೆ ತೆರೆದರು. ಹೆಸರು ಹಾಗೆಯೇ ಇತ್ತು. ಇನ್ನೆರಡು ಸಲ ಹೆಣಗಿ ಕೈಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆಳಾಗೋಗ್ಲಿ, ಇದ್ರೆ ಇರ್ಲಿ. ಮ್ಯಾಲೆ ಬ್ಯಾಡ, ನಿಮ್ಮಪ್ಪನ ಎಸ್ರಿನ ಕೆಳಗಾಕು" ಎಂದರು.

ಮಾವ ಬಾಗಿಲಲ್ಲಿ ಬಂದು ನಿಂತಿದ್ದರು. "ನೀನು ನನ್ಗಿಂತ ದೊಡ್ಡೋಳು ಕಣಕ್ಕ" ಎಂದರು. "ಮ್ಯಾಲೇ ಇರ್ಲಿ."