ಬಕೆಟ್ಟಿನೊಳಗಿನ ಕೆಂಪು ಗೆರೆ

ನಮ್ಮ ಬಚ್ಚಲಿನ ನೀಲಿ ಬಕೆಟ್ಟಿನ ಒಳಗೆ, ಸರಿಯಾಗಿ ಅರ್ಧಕ್ಕೆ, ಒಂದು ಕೆಂಪು ಗೆರೆಯಿದೆ. ಮಗಳ ನೇಲ್ ಪಾಲಿಷ್ ಕೇಳದೆ ತೆಗೆದುಕೊಂಡು ಬೂದಿ ಬುಧವಾರದ ಸಂಜೆ ನಾನೇ ಎಳೆದದ್ದು. ಗೆರೆಯವರೆಗಿನ ನೀರು ನನ್ನ ಸ್ನಾನಕ್ಕೆ, ಮಿಕ್ಕರ್ಧ ಬಾಗಿಲ ಮುಂದಿನ ಬೇವಿನ ಸಸಿಗೆ ಎಂಬುದು ಈ ವರ್ಷದ ತಪಸ್ಸುಕಾಲಕ್ಕೆ, ಅಂದರೆ ಬೂದಿ ಬುಧವಾರದಿಂದ ಈಸ್ಟರಿನವರೆಗಿನ ಉಪವಾಸದ ದಿನಗಳಿಗೆ, ನಾನು ಹಿಡಿದ ವ್ರತ. ನಗಬೇಡಿ, ಕೂಡ್ಲಿಗಿಯಲ್ಲಿ ಒಂದು ಬೇಸಿಗೆ ಕಳೆದವರು ಯಾರೂ ನಗುವುದಿಲ್ಲ.

ಇಷ್ಟು ವರ್ಷ ನಾನು ಬಿಡುತ್ತಿದ್ದದ್ದು ಮಾಂಸವನ್ನು. ಈಸ್ಟರ್ ಬಂತೆಂದರೆ ಬಿಟ್ಟದ್ದನ್ನೆಲ್ಲ ಒಂದೇ ದಿನಕ್ಕೆ ತಿಂದು ತೇಗುತ್ತಿದ್ದೆವು. ಈ ಸಲ ಹೊಸದಾಗಿ ಬಂದ ಫಾದರ್, ಕರಾವಳಿಯವರು, ಹಣೆಗೆ ಬೂದಿ ಹಚ್ಚಿ, ನಾವೆಲ್ಲ ಮಣ್ಣೇ ಎಂದು ನೆನಪಿಸಿ, ಹಾಗಿದ್ದಮೇಲೆ ಮಣ್ಣಿಗೂ ಏನಾದರೂ ಕೊಡಿ ಎಂದು ಮನೆಗೊಂದು ಸಸಿ ಹಂಚಿದರು. ಬಿಸಿಲೇರುವ ಹೊತ್ತಿನಲ್ಲಿ! ಗಿಡ ನೆಡುವುದು ಮಳೆ ಬಿದ್ದ ಮೇಲೆ ಎಂದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಆದರೆ ಫಾದರ್ ಎದುರು ಬಾಯಿ ಬಿಡುವವರು ಯಾರು? ಎಲ್ಲರೂ ಭಕ್ತಿಯಿಂದ ಕೈಚಾಚಿದೆವು.

"ಬ್ಯಾಸಗ್ಯಾಗ ಯಾರರ ಗಿಡ ಹಚ್ತಾರೇನವ್ವಾ? ಅವರಿಗೆ ತಿಳೀಲಿಲ್ಲ, ನಿನಗೂ ತಿಳೀಲಿಲ್ಲೇನು?" ಎಂದು ಅತ್ತೆ ಗದರಿದರು. ಗದರುತ್ತಲೇ ಜಾಗವನ್ನೂ ತೋರಿಸಿದರು: ರಸ್ತೆ ಅಗಲ ಮಾಡುವಾಗ ಕಡಿದ ಹಳೆಯ ಬೇವಿನ ಬುಡದ ಪಕ್ಕ. ಆ ಮರದ ನೆರಳಿನಲ್ಲಿ ಕೂತು ಶೇಂಗಾ ಸುಲಿಯುತ್ತ, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ ಜೀವ ಅದು. ಮರ ಹೋದ ಮೇಲೆ ಒಳಗೆ ಫ್ಯಾನಿನ ಕೆಳಗೆ ಗೋಡೆ ನೋಡುತ್ತ ಕೂರುತ್ತಾರೆ, ಮಾತೇ ಕಡಿಮೆಯಾಗಿದೆ. ಅವರನ್ನು ಮತ್ತೆ ಬಾಗಿಲ ಮುಂದೆ ಕೂರಿಸಬೇಕು ಎಂಬುದೇ ನನ್ನ ಹಟ.

ಹಂಚಿದ ಸಸಿಗಳು ಒಂದೊಂದಾಗಿ ಒಣಗಿದವು. ನಳದ ನೀರು ಬರುವುದು ತಡವಾದಾಗ ನಮ್ಮದೂ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿತು. "ಸತ್ತೈತಿ, ಬಿಡು ಇನ್ನ," ಎಂದರು ಮನೆಯವರು. ನಾನು ಉಗುರಿನಿಂದ ತೊಗಟೆ ಕೆರೆದೆ. "ಒಳಗ ಹಸರು ಐತಿ ನೋಡ್ರಿ!" ಎಂದು ಕೂಗಿದೆನಾದರೂ ಬಕೆಟ್ಟಿನಲ್ಲಿ ನನ್ನ ಅರ್ಧವೂ ಇರಲಿಲ್ಲ. ಆ ಎರಡು ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡೆ; ಇದ್ದ ನೀರನ್ನು ಅದಕ್ಕೇ ಹಾಕಿದೆ.

ಪಕ್ಕದ ಮನೆಯ ಬೀಬಿಜಾನ್ ಇದನ್ನೆಲ್ಲ ಗೋಡೆಯಾಚೆಯಿಂದ ನೋಡುತ್ತಿದ್ದಳು. ಅವರಿಗೆ ರಂಜಾನ್ ಉಪವಾಸ, ನಮಗೆ ತಪಸ್ಸುಕಾಲ, ಎರಡೂ ಈ ವರ್ಷ ಒಟ್ಟಿಗೇ ಬಂದಿದ್ದವು. "ಅಕ್ಕಾರ, ನಮಾಜಿಗೆ ಮುಂಚೆ ಕೈಕಾಲು ತೊಳದ ನೀರು ಸುಮ್ನ ಗಟಾರಕ್ಕ ಹೊಕ್ಕೈತಿ. ಬೋಗಾಣಿ ಇಟ್ಟು ಹಿಡೀತೀನಿ, ಗಿಡಕ್ಕ ಹಾಕ್ರಿ," ಎಂದಳು. ನನಗೆ ಕಣ್ಣು ತುಂಬಿ ಬಂತು. ಉಪವಾಸವೆಂದರೆ ನಾನೊಬ್ಬಳು ದೇವರಿಗೆ ತೋರಿಸಲು ಹಸಿದಿರುವುದು ಎಂದುಕೊಂಡಿದ್ದವಳು ನಾನು. ನಾವು ಬಿಟ್ಟದ್ದು ಇನ್ನೊಂದು ಬಾಯಿಗೆ ಸೇರಬೇಕಲ್ಲವೇ, ಆ ಬಾಯಿ ಮಣ್ಣೊಳಗಿನ ಬೇರಿನದಾದರೂ ಆಗಲಿ! ಈಸ್ಟರಿನ ಹಿಂದಿನ ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಭಕ್ತರ ಪಾದ ತೊಳೆದ ನೀರನ್ನು ಫಾದರ್ ತಾವೇ ಹೊತ್ತು ತಂದು, "ನಿಮ್ಮೂರಿನ ಬಿಸಿಲು ನನಗೆ ಗೊತ್ತಿರಲಿಲ್ಲ," ಎಂದು ನಕ್ಕು ಬುಡಕ್ಕೆ ಸುರಿದರು. ಅಷ್ಟರಲ್ಲಿ ತುದಿಯಲ್ಲಿ ತಾಮ್ರಬಣ್ಣದ ಚಿಗುರು ಕಾಣಿಸಿಕೊಂಡಿತ್ತು.

ಈಸ್ಟರ್ ಬೆಳಿಗ್ಗೆ ಮನೆಯವರು ಬಕೆಟ್ಟನ್ನು ಕಂಠದವರೆಗೆ ತುಂಬಿಸಿಟ್ಟು, "ಇವತ್ತರ ಮನಸಾರೆ ಜಳಕ ಮಾಡು," ಎಂದರು. ಪ್ರೀತಿಯ ಮಾತು, ಆಸೆಯೂ ಆಯಿತು. ಆದರೂ ಗೆರೆಯ ಮೇಲಿನದನ್ನು ಕೊಡಕ್ಕೆ ಬಗ್ಗಿಸಿಕೊಂಡು ಹೊರಗೆ ಬಂದರೆ, ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಶೇಂಗಾ ಮೊರ ಹಿಡಿದು, ಸಸಿಯ ಪಕ್ಕ ಕೂತಿದ್ದಾರೆ. ಅದರ ನೆರಳು ಅವರ ಅಂಗೈಗೂ ಸಾಲದು.

"ಅತ್ತೀ, ಬಿಸಲೈತಿ, ಒಳಗ ಬರ್ರಿ."

"ಇದಕ್ಕೂ ಬಿಸಲೈತಲ್ಲ. ಹಬ್ಬ ಮುಗೀತಂತ ನೀರು ನಿಲ್ಲಿಸ್ತಿಯೇನು?"

"ಮಳಿ ಬರೋತನ ನನ್ನ ತಪಸ್ಸು ಮುಗ್ಯಂಗಿಲ್ರಿ."

ನೀರು ಹಾಕಿ ಬಚ್ಚಲಿಗೆ ಬಂದು ನೋಡಿದರೆ ಕೆಂಪು ಗೆರೆ ಅಲ್ಲಲ್ಲಿ ಅಳಿಸಿತ್ತು. ಮಗಳ ಸೀಸೆಯನ್ನು ಈ ಸಲ ಕೇಳಿ ತಂದೆ. ಹೊಸ ಗೆರೆ ಎಳೆದೆ, ಹಳೆಯದಕ್ಕಿಂತ ನಾಲ್ಕು ಬೆರಳು ಕೆಳಗೆ.