ಬೇಲಿಯ ಬದಿಯ ಗೊಂಡೆ

ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ. ಆದರೂ ಆ ವರ್ಷ ಆಫೀಸಿನ ಎದುರಿನ ಹೂವಿನ ಪಾತಿಯೂ ನನ್ನ ತಲೆಗೇ ಬಿತ್ತು. ಸೆಪ್ಟೆಂಬರಿನಲ್ಲಿ ಮದ್ರಾಸಿನಿಂದ ಧಣಿಗಳು ಬರುವಾಗ ಆಸ್ಟರ್ ಅರಳಿರಬೇಕು ಎಂದು ಮ್ಯಾನೇಜರರ ಹುಕುಂ. ಆಸ್ಟರಿನ ಜೊತೆಗೆ ಎಂತ ನೆಟ್ಟರೆ ಚೆಂದ ಎಂದು ಆಫೀಸಿನ ಪಕ್ಕದ ಮನೆಯ ನಿವೃತ್ತ ಟೀಚರ್ ಲಿಲ್ಲಿ ಬಾಯಿಯನ್ನು ಕೇಳಿದೆ. ಅವರು ಮಣ್ಣು ನೋಡಲಿಲ್ಲ, ಬೇಲಿ ನೋಡಿದರು.

“ಬೇಲಿಯ ಬದಿಗೆ ಗೊಂಡೆ ಹಾಕಿ, ಅದೇ ಚೆಂಡು ಹೂ. ಆಸ್ಟರ್ ಅದರ ಹಿಂದೆ ಇರಲಿ.”

“ಬಣ್ಣ ಹೊಂದುತ್ತದಾ?”

“ಬಣ್ಣ ಬಿಡಿ ಮಾರಾಯ್ರೆ. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯುವವರು ಬರ್ತಾರಲ್ಲ, ಗೊಂಡೆಯಲ್ಲೇ ಬುಟ್ಟಿ ತುಂಬಿದರೆ ಒಳಗೆ ಕೈ ಹಾಕುವುದಿಲ್ಲ.”

ಹಾಗೇ ಆಯಿತು. ಗೊಂಡೆ ದಿನಾ ಬೋಳಾಗುತ್ತಿತ್ತು, ಆಸ್ಟರ್ ಒಂದೂ ಕಡಿಮೆಯಾಗಲಿಲ್ಲ. ಧಣಿಗಳು ಬರುವ ಮುನ್ನಾದಿನ ಬೆಳಿಗ್ಗೆ ನೋಡಿದರೆ, ಪಾತಿಯೊಳಗೆ ಲಿಲ್ಲಿ ಬಾಯಿಯೇ ಕೂತಿದ್ದಾರೆ. ಚರ್ಚಿನಲ್ಲಿ ಮೇರಿ ಮಾತೆಯ ಹುಟ್ಟುಹಬ್ಬ, ಮೊಂತಿ ಹಬ್ಬದ ಸಮಯ. ಇಗರ್ಜಿಯಲ್ಲಿ ಮರಿಯಮ್ಮನಿಗೆ ಒಂಬತ್ತು ದಿನ ಹೂ ಹಾಕಬೇಕು. ಅವರ ಬುಟ್ಟಿಯ ತುಂಬ ನಮ್ಮ ಆಸ್ಟರ್.

“ಬಾಯಿ, ಗೊಂಡೆ ಉಂಟಲ್ಲ?” ಎಂದೆ.

“ಅದು ಪೂಜೆಯವರಿಗೆ ಅಂತ ನಾನೇ ಹೇಳಿದ್ದಲ್ವಾ,” ಎಂದರು, ಕೊನೆಯದನ್ನೂ ಕೊಯ್ಯುತ್ತ.

ಮರುದಿನ ಧಣಿಗಳು ಪಾತಿಯ ಎದುರು ತುಂಬ ಹೊತ್ತು ನಿಂತು, ಬೇಲಿ ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡರು.